ಹ್ಯಾಫ್ನಿಯಮ್ ಐಸೋಮರ್: ಪಠ್ಯ ಹೇಳದ ಅರ್ಧ ಭಾಗ

ನಮ್ಮ ಪದವಿ ಪಠ್ಯಗಳನ್ನು ತೆರೆದು ನೋಡಿ. ನ್ಯೂಕ್ಲಿಯಸ್ ಎಂದರೆ ಒಂದು ದುಂಡು ಚೆಂಡಿನ ಚಿತ್ರ. ಐಸೋಮರ್ ಎಂದರೆ ದೀರ್ಘಕಾಲ ಬಾಳುವ ಉದ್ರಿಕ್ತ ಸ್ಥಿತಿ. ಕಾರಣ, ಎರಡು ಸ್ಥಿತಿಗಳ ಸ್ಪಿನ್ ವ್ಯತ್ಯಾಸ ದೊಡ್ಡದು. ಇದು 1936ರಲ್ಲಿ ವೈಜೆಕರ್ ಕೊಟ್ಟ ವಿವರಣೆ. ತಪ್ಪೇನಲ್ಲ. ಆದರೆ ಅಲ್ಲಿಗೇ ನಿಲ್ಲಿಸುವುದು ತಪ್ಪು.

ಹ್ಯಾಫ್ನಿಯಮ್-178ನ್ನು ನೋಡಿ. ಇದರ 1147 ಕಿಲೋ ಎಲೆಕ್ಟ್ರಾನ್ ವೋಲ್ಟ್ ಸ್ಥಿತಿಯ ಸ್ಪಿನ್ 8. ಅದು 89 ಕಿಲೋ ಎಲೆಕ್ಟ್ರಾನ್ ವೋಲ್ಟ್ ಗಾಮಾ ಹೊಮ್ಮಿಸಿ ಇಳಿಯುವ ಸ್ಥಿತಿಯ ಸ್ಪಿನ್ನೂ 8. ವ್ಯತ್ಯಾಸ ಸೊನ್ನೆ! ಪಠ್ಯದ ನಿಯಮದಂತೆ ಇದು ಕ್ಷಣಾರ್ಧದಲ್ಲಿ ಮುಗಿಯಬೇಕು. ಅರ್ಧಾಯು 4 ಸೆಕೆಂಡ್. ಸಾಮಾನ್ಯ ಅಂದಾಜಿಗಿಂತ ಸುಮಾರು ಹತ್ತು ಲಕ್ಷ ಕೋಟಿ ಪಟ್ಟು ನಿಧಾನ.

ಉತ್ತರ ಆಕಾರದಲ್ಲಿದೆ. ವಿಜಯಪುರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು ನೋಡಿ. ಹ್ಯಾಫ್ನಿಯಮ್ ನ್ಯೂಕ್ಲಿಯಸ್ ಅಂಥ ನೀಳ ಆಕಾರದ್ದು (ಗೂಡಿನಷ್ಟು ಉದ್ದವಿಲ್ಲ, ಅಗಲಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು). ಗೂಡನ್ನು ತಲೆಕೆಳಗಾಗಿ ಉರುಳಿಸಿದಂತೆ ಇಡೀ ನ್ಯೂಕ್ಲಿಯಸ್ ತಿರುಗಬಲ್ಲದು. ಉದ್ದನೆಯ ಅಕ್ಷದ ಸುತ್ತ ಮಾತ್ರ ಅದು ಒಟ್ಟಾಗಿ ತಿರುಗದು. ಆ ದಿಕ್ಕಿನ ಕೋನೀಯ ಸಂವೇಗವನ್ನು ಜೋಡಿ ಮುರಿದ ಬಿಡಿ ಕಣಗಳೇ ಒದಗಿಸಬೇಕು. ಈ ಅಂಶವೇ ಕೆ. ಒಂದು ಜೋಡಿ ಮುರಿದರೆ 7/2 ಮತ್ತು 9/2 ಕೂಡಿ ಕೆ = 8. ಕೆಳಗಿನ ಸ್ಥಿತಿಯಲ್ಲಿ ಕೆ = 0. ಸ್ಪಿನ್ ಒಂದೇ ಆದರೂ ದಿಕ್ಕು ಬೇರೆ! ಈ ಗಾಮಾ ಕೆ ಮೌಲ್ಯವನ್ನು 1ರಷ್ಟು ಮಾತ್ರ ಬದಲಿಸಬಲ್ಲದು. ಉಳಿದ 7 ಹೆಜ್ಜೆಗಳಲ್ಲಿ ಪ್ರತಿಯೊಂದಕ್ಕೂ ಸುಮಾರು ನೂರು ಪಟ್ಟು ವಿಳಂಬ ಎಂಬುದು ಸ್ಥೂಲ ಲೆಕ್ಕ. ಕೆ ಕರಾರುವಾಕ್ಕಾದ ಸಂರಕ್ಷಿತ ಪರಿಮಾಣವಲ್ಲ, ಅಲೆಗಳು ಅಲ್ಪಸ್ವಲ್ಪ ಬೆರೆಯುತ್ತವೆ. ಆದ್ದರಿಂದಲೇ ಕ್ಷಯ ನಡೆದೇ ನಡೆಯುತ್ತದೆ.

ಪ್ರೋಟಾನ್, ನ್ಯೂಟ್ರಾನ್ ಎರಡರ ಜೋಡಿಗಳೂ ಮುರಿದಾಗ ಕೆ = 16. 2446 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಆ ಸ್ಥಿತಿಯ ಅರ್ಧಾಯು 31 ವರ್ಷ. ಇಲ್ಲಿ ಕೆ ಜೊತೆಗೆ ಗಾಮಾದ ಅಲ್ಪ ಶಕ್ತಿಯೂ (ಬರೀ 12.7) ಕಾರಣ ಎಂಬುದನ್ನು ಮರೆಯಬಾರದು.

ಇದೇ ಹ್ಯಾಫ್ನಿಯಮ್ ಸುತ್ತ ಎದ್ದ ಗದ್ದಲ ನಿಮಗೆ ನೆನಪಿರಬಹುದು. 1999ರಲ್ಲಿ ಟೆಕ್ಸಾಸ್‌ನ ಕಾಲಿನ್ಸ್ ತಂಡ, ದಂತವೈದ್ಯರ ಎಕ್ಸ್-ಕಿರಣ ಯಂತ್ರದಿಂದ ಈ ಸ್ಥಿತಿಯ ಕ್ಷಯವನ್ನು ಚುರುಕುಗೊಳಿಸಿದೆವು ಎಂದಿತು. ಒಂದು ಗ್ರಾಮಿನಲ್ಲಿ ಅಡಗಿರುವುದು ಸುಮಾರು 130 ಕೋಟಿ ಜೂಲ್. ‘ಹ್ಯಾಫ್ನಿಯಮ್ ಬಾಂಬ್’ ಎಂಬ ಮಾತು ಹುಟ್ಟಲು ಅಷ್ಟು ಸಾಕಾಯಿತು. 2001ರಲ್ಲಿ ಆರ್ಗಾನ್ ಪ್ರಯೋಗಾಲಯದಲ್ಲಿ ಎಷ್ಟೋ ಪಟ್ಟು ತೀವ್ರವಾದ ಎಕ್ಸ್-ಕಿರಣ ಹಾಯಿಸಿದಾಗ ಯಾವ ಪರಿಣಾಮವೂ ಕಾಣಲಿಲ್ಲ. ಕೆ ಅಡ್ಡಗೋಡೆಯನ್ನು ಬಲ್ಲ ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆ: ಆ ಎಕ್ಸ್-ಕಿರಣ ನ್ಯೂಕ್ಲಿಯಸ್ಸನ್ನು ಯಾವ ಮಧ್ಯಂತರ ಸ್ಥಿತಿಗೆ ಏರಿಸಿತು, ಅದರ ಕೆ ಎಷ್ಟು? ಸ್ಪಿನ್ ವಿವರಣೆ ಮಾತ್ರ ಓದಿದವನಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಐಐಟಿ ರೂರ್ಕಿಯ ಅಶೋಕ್ ಕುಮಾರ್ ಜೈನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಐಸೋಮರ್ ಕೋಶದಲ್ಲಿ 2,400ಕ್ಕೂ ಹೆಚ್ಚು ಐಸೋಮರ್‌ಗಳಿವೆ. ನಮ್ಮ ದೇಶದಲ್ಲೇ ಇಂಥ ಕೆಲಸ ನಡೆದಿರುವಾಗ ಪಠ್ಯಕ್ಕೆ ಒಂದು ಪುಟ ಸೇರಿಸುವುದು ಕಷ್ಟವೇನಲ್ಲ. ‘ಸ್ಪಿನ್ ವ್ಯತ್ಯಾಸ’ ಎಂದಷ್ಟೇ ಬರೆದ ಉತ್ತರಕ್ಕೆ ನಾನೂ ಎಷ್ಟೋ ವರ್ಷ ಪೂರ್ಣ ಅಂಕ ಕೊಟ್ಟಿದ್ದೇನೆ.