ಜೇನು ಕೈಪಿಡಿಯಲ್ಲಿ ‘ಹೆಚ್ಚುವರಿ’ ಎಂಬ ಮಾತು

ಅಡಕೆ, ಏಲಕ್ಕಿ ತೋಟಗಳುಳ್ಳ ನಮ್ಮ ಶ್ರಾವಕ ಮನೆಗಳ ತರುಣರು ಈಚೆಗೆ ಜೇನುಸಾಕಣೆಯ ಕಡೆಗೆ ಒಲಿಯುತ್ತಿರುವುದನ್ನು ಕಾಣುತ್ತಿದ್ದೇವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2017ರಲ್ಲಿ ಜೇನು ಅಭಿಯಾನವನ್ನು ಕೈಗೊಂಡ ಮೇಲೆ ತರಬೇತಿಯ ಮಾತು ಹಳ್ಳಿಹಳ್ಳಿಗೂ ತಲುಪಿದೆ. ನನ್ನ ತಮ್ಮನ ಮಗನೂ ಅಂಥದೊಂದು ಶಿಬಿರಕ್ಕೆ ಹೋಗಿ ಬಂದು, “ದೊಡ್ಡಪ್ಪ, ಪೆಟ್ಟಿಗೆಯ ಜೇನು ತೆಗೆಯುವಾಗ ಒಂದು ನೊಣವೂ ಸಾಯುವುದಿಲ್ಲವಂತೆ. ಬಸದಿಯ ತೋಟದಲ್ಲಿ ನಾಲ್ಕು ಪೆಟ್ಟಿಗೆ ಇಟ್ಟರೆ ತಪ್ಪೇನು?” ಎಂದು ಕೇಳಿದನು. ವಿಷಯ ಟ್ರಸ್ಟಿನ ಸಭೆಗೂ ಬರುವುದರಲ್ಲಿದೆ. ಕೇಳಿದ ಮಾತಿನ ಮೇಲೆ ಉತ್ತರಿಸುವುದು ಸರಿಯಲ್ಲವೆಂದು, ಅವನು ತಂದ ಕೈಪಿಡಿಯನ್ನೂ, ಇಂಥ ಕೈಪಿಡಿಗಳೆಲ್ಲಕ್ಕೂ ಮೂಲವೆನ್ನಬಹುದಾದ ಲ್ಯಾಂಗ್‌ಸ್ಟ್ರಾತ್ ಎಂಬವರ ಗ್ರಂಥವನ್ನೂ ಓದಿದೆನು.

ಲೊರೆಂಜೊ ಲ್ಯಾಂಗ್‌ಸ್ಟ್ರಾತ್ ಅಮೆರಿಕದ ಕ್ರೈಸ್ತ ಧರ್ಮೋಪದೇಶಕರು. ಜೇನುಗೂಡು ಮತ್ತು ಜೇನುನೊಣಗಳನ್ನು ಕುರಿತ ಅವರ ಗ್ರಂಥ 1853ರಲ್ಲಿ ಪ್ರಕಟವಾಯಿತು. ನೊಣಗಳು ತಮ್ಮ ಓಡಾಟಕ್ಕಾಗಿ ಅಂಗುಲದ ಎಂಟರಲ್ಲಿ ಮೂರು ಪಾಲಿನಷ್ಟು ಸಂದನ್ನು ತೆರವಾಗಿ ಬಿಡುತ್ತವೆ. ಆ ಅಳತೆಯನ್ನು ಪಾಲಿಸಿದರೆ ಅಲ್ಲಿ ಎರಿ ಕಟ್ಟುವುದಿಲ್ಲ, ಅಂಟಿನಿಂದ ಮುಚ್ಚುವುದೂ ಇಲ್ಲ. ಇದನ್ನು ಗುರುತಿಸಿ ಅವರು ಎತ್ತಿ ತೆಗೆಯಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ರಚಿಸಿ 1852ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಅದಕ್ಕೆ ಮುಂಚೆ ಯುರೋಪು, ಅಮೆರಿಕಗಳಲ್ಲಿ ಗಂಧಕದ ಹೊಗೆಯಿಟ್ಟು ಇಡೀ ಕುಟುಂಬವನ್ನೇ ಕೊಂದು ಜೇನು ತೆಗೆಯುವ ಪದ್ಧತಿ ಸಾಮಾನ್ಯವಾಗಿತ್ತು. ಆ ಕ್ರೌರ್ಯವನ್ನು ಅವರು ಮನಸಾರೆ ಖಂಡಿಸಿದ್ದಾರೆ. ಆರಂಭಿಕನಿಗೆ ಅವರು ಹೇಳುವ ಮೊದಲ ಪಾಠವೂ ಸೌಮ್ಯವಾದದ್ದೇ: ಹೊಟ್ಟೆತುಂಬ ಜೇನು ಹೀರಿದ ನೊಣ ತಾನಾಗಿ ಎರಗಿ ಬರುವುದಿಲ್ಲ, ಆದ್ದರಿಂದ ಅವಸರಿಸಬೇಡ, ಕೈ ಬೀಸಬೇಡ, ಅದರ ಮೇಲೆ ಉಸಿರು ಬಿಡಬೇಡ. ಈ ಮಟ್ಟಿನ ಯತ್ನಾಚಾರ ನಮ್ಮಲ್ಲಿ ಎಷ್ಟು ಮಂದಿಗೆ ಇದೆ?

ಆದರೆ ಈ ಸಜ್ಜನರ ತರ್ಕದ ತಳಹದಿ ನಮಗೆ ಒಪ್ಪತಕ್ಕದ್ದಲ್ಲ. ಕುದುರೆ, ಹಸುಗಳಂತೆ ಜೇನುನೊಣವೂ ಮನುಷ್ಯನ ಸುಖಕ್ಕಾಗಿಯೇ ಸೃಷ್ಟಿಯಾದದ್ದೆಂದು ಅವರು ನಂಬಿದ್ದರು. ಸೃಷ್ಟಿಕರ್ತನನ್ನೇ ಒಪ್ಪದ ನಮಗೆ ನೊಣವು ನಾಲ್ಕು ಇಂದ್ರಿಯಗಳುಳ್ಳ ತ್ರಸಜೀವ. ತನ್ನ ಕರ್ಮದ ಹಾದಿಯಲ್ಲಿ ತಾನು ನಡೆಯುತ್ತಿರುವ ಆತ್ಮ. ಮೂಲಗ್ರಂಥದ ಆ ಶ್ರದ್ಧೆ ಕನ್ನಡ ಕೈಪಿಡಿಗೆ ಇಳಿದು ಬಂದಿಲ್ಲ. ಅದರ ಸ್ಥಾನದಲ್ಲಿ ಒಂದೇ ಒಂದು ಶಬ್ದ ನಿಂತಿದೆ: ‘ಹೆಚ್ಚುವರಿ’. ನೊಣಗಳಿಗೆ ಬೇಕಾದುದನ್ನು ಬಿಟ್ಟು ಹೆಚ್ಚುವರಿ ಜೇನನ್ನು ಮಾತ್ರ ತೆಗೆಯುವುದರಿಂದ ಹಿಂಸೆಯ ಮಾತೇ ಇಲ್ಲವೆಂಬುದು ಅದರ ವಾದ.

ನಾನು ವಾಣಿಜ್ಯ ಓದಿ ಅಂಗಡಿ ನಡೆಸಿದವನು. ಹೆಚ್ಚುವರಿ ಎಂಬುದು ವರ್ಷದ ಲೆಕ್ಕ ಮುಗಿದ ಮೇಲೆ ಕಾಣುವ ಬಾಕಿ. ನಮ್ಮ ಮಲೆನಾಡಿನ ಜೇನಿನ ವರ್ಷವನ್ನೇ ನೋಡೋಣ. ಬೇಸಿಗೆಯಲ್ಲಿ ಹೂವು ಸಮೃದ್ಧ; ಜೇನು ತೆಗೆಯುವುದು ಆಗಲೇ. ಜೂನ್ ತಿಂಗಳಿನಲ್ಲಿ ಮಳೆ ಹಿಡಿದರೆ ನೊಣ ಹೊರಗೆ ಹೋಗಲಾರದು, ಹೋದರೂ ಹೂವಿಲ್ಲ. ನೊಣಗಳು ಜೇನು ಕೂಡಿಡುವುದು ಇಂಥ ದಿನಗಳಿಗಾಗಿಯೇ. ಹೀಗಿರುವಾಗ ಕೈಪಿಡಿಯು ಒಂದು ಅಧ್ಯಾಯದಲ್ಲಿ ಹೆಚ್ಚುವರಿಯನ್ನು ತೆಗೆಯಲು ಹೇಳಿ, ಎರಡು ಅಧ್ಯಾಯಗಳ ತರುವಾಯ ‘ಅಭಾವ ಕಾಲದ ನಿರ್ವಹಣೆ’ ಎಂಬ ಶೀರ್ಷಿಕೆಯಡಿ ಸಕ್ಕರೆ ಪಾಕವನ್ನು ಕೊಡದಿದ್ದರೆ ಕುಟುಂಬ ಪರಾರಿಯಾಗುವುದೆಂದು ಎಚ್ಚರಿಸುತ್ತದೆ. ಮಳೆಗಾಲದಲ್ಲಿ ಪಾಕ ಎರೆಯಬೇಕಾಯಿತೆಂದರೆ ಬೇಸಿಗೆಯಲ್ಲಿ ತೆಗೆದದ್ದು ಹೆಚ್ಚುವರಿ ಹೇಗಾದೀತು? ಚೈತ್ರದಲ್ಲಿ ಕಣಜವನ್ನು ಬರಿದುಮಾಡಿ ಆಷಾಢದಲ್ಲಿ ಗಂಜಿ ಹಂಚಿದಂತೆ ಇದು. ಜೇನಿನ ಬೆಲೆಗೂ ಸಕ್ಕರೆಯ ಬೆಲೆಗೂ ಇರುವ ಅಂತರವೇ ಇಲ್ಲಿ ಲಾಭ. ಆ ಅಂಕಿಯನ್ನು ಕೈಪಿಡಿ ಮರೆತಿಲ್ಲ. ಆದರೆ ಅದು ಯಾರ ಖಾತೆಯಿಂದ ಬಂತೆಂದು ಬರೆದಿಲ್ಲ. ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು: ಏನನ್ನೂ ತೆಗೆಯದೆ ಬಿಟ್ಟ ಕುಟುಂಬವೂ ದೀರ್ಘ ಮಳೆಯಲ್ಲಿ ಹಸಿಯಬಹುದು. ಆಗ ಪಾಕ ಎರೆದರೆ ಅದು ನಿಜವಾದ ದಯೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಡೆಯದು ಅನ್ನಪಾನ ನಿರೋಧ; ಅದರ ವಿಚಾರ ಮೇಲೆ ಆಯಿತು. ಮೊದಲನೆಯದಾದ ಬಂಧವೂ ಕೈಪಿಡಿಯಲ್ಲಿದೆ. ಮರದ ಪೊಟರೆಯಲ್ಲಿರುವ ತುಡುವೆ ಕುಟುಂಬವನ್ನು ಹಿಡಿದು, ಎರಿಗಳನ್ನು ಕೊಯ್ದು ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ, ರಾಣಿ ಹೊರಬರದಂತೆ ಬಾಗಿಲಿಗೆ ತಡೆ ಇಡಬೇಕೆಂದು ಅದು ಹೇಳುತ್ತದೆ. ನನ್ನನ್ನು ಹೆಚ್ಚು ಕಲಕಿದ್ದು ಛೇದದ ವಿಚಾರ. ರಾಣಿ ಹಾರದಂತೆ ಅದರ ರೆಕ್ಕೆಯ ತುದಿಯನ್ನು ಕತ್ತರಿಸುವ ಕ್ರಮ ಪಾಶ್ಚಾತ್ಯ ಸಾಕಣೆಯಲ್ಲಿ ಪ್ರಸಿದ್ಧವಾಗಿದೆ. ನಮ್ಮ ಕೈಪಿಡಿ ಅಷ್ಟು ದೂರ ಹೋಗದಿದ್ದರೂ, ಕುಟುಂಬ ಪಾಲಾಗದಂತೆ ಹೊಸ ರಾಣಿಕಣಗಳನ್ನು ಹುಡುಕಿ ನಾಶಮಾಡಲು ಆರಂಭಿಕನಿಗೆ ಕಲಿಸುತ್ತದೆ. ಒಳಗೆ ಬೆಳೆಯುತ್ತಿರುವುದು ಜೀವವೆಂದು ತಿಳಿದೂ ಮಾಡುವ ಕೆಲಸವದು. ಕೃಷಿಯಂತೆ ಇದನ್ನೂ ಉದ್ಯೋಗೀ ಹಿಂಸೆಯೆಂದು ಗೃಹಸ್ಥನಿಗೆ ಕ್ಷಮಿಸಬಹುದಲ್ಲವೆ ಎಂದು ಮಿತ್ರರೊಬ್ಬರು ಕೇಳಿದರು. ನೇಗಿಲಿಗೆ ಅರಿಯದೆ ಸಿಕ್ಕಿದ ಹುಳುವಿಗೂ, ಹುಡುಕಿ ತೆಗೆದು ಚಿವುಟಿದ ರಾಣಿಮರಿಗೂ ಭೇದವಿಲ್ಲವೆ? ಎರಡನೆಯದನ್ನು ಸಂಕಲ್ಪೀ ಹಿಂಸೆಯೆನ್ನದೆ ನನಗೆ ಬೇರೆ ದಾರಿ ತೋರಲಿಲ್ಲ.

ಪೆಟ್ಟಿಗೆಯೇ ಇಲ್ಲದ ಕಾಲದಲ್ಲಿ ನಮ್ಮ ಆಚಾರ್ಯರು ಜೇನನ್ನು ನಿಷೇಧಿಸಿದ್ದು ಹಿಂಡಿ ಕೊಲ್ಲುತ್ತಿದ್ದ ಕಾರಣಕ್ಕೆ ಮಾತ್ರವೆಂದು ಕೆಲವರು ತಿಳಿದಿದ್ದಾರೆ. ಸಮಂತಭದ್ರಾಚಾರ್ಯರು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮಧುತ್ಯಾಗವನ್ನು ಮದ್ಯ, ಮಾಂಸಗಳ ತ್ಯಾಗದೊಡನೆ ಇರಿಸಿದರು. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಮುಂದಕ್ಕೆ ಯೋಚಿಸಿದ್ದಾರೆ: ತಾನಾಗಿ ಸೋರಿದ ಜೇನಾಗಲಿ, ಉಪಾಯದಿಂದ ಪಡೆದ ಜೇನಾಗಲಿ, ಅದನ್ನು ಆಶ್ರಯಿಸಿದ ಜೀವಗಳ ಘಾತ ತಪ್ಪುವುದಿಲ್ಲವೆಂದು ಅವರ ಅಭಿಪ್ರಾಯ. ಚೌಕಟ್ಟಿನ ಪೆಟ್ಟಿಗೆಯೂ, 1865ರಲ್ಲಿ ಹ್ರುಷ್ಕಾ ಪ್ರಕಟಿಸಿದ ಎರಿ ತಿರುಗಿಸುವ ಯಂತ್ರವೂ ಉಪಾಯಗಳೇ ಅಲ್ಲವೆ? ಹೀಗಾಗಿ ‘ಅಹಿಂಸಕ ಜೇನು’ ಎಂಬ ಚೀಟಿಯನ್ನು ನಂಬಿ ಕೊಳ್ಳುವ ಶ್ರಾವಕನಿಗೆ ಈ ಗ್ರಂಥದಲ್ಲಿ ಆಸರೆ ದೊರೆಯದು.

ಇದನ್ನು ಬರೆಯುವಾಗ ನಮ್ಮ ಮನೆಗಳ ಸ್ಥಿತಿ ನೆನಪಾಗಿ ಲಜ್ಜೆಯೂ ಆಗುತ್ತದೆ. ಜೇನು ಮುಟ್ಟದ ಮನೆಯವರೇ ಲೇಹ್ಯದ ಡಬ್ಬಿಯ ಹಿಂಭಾಗವನ್ನು ಓದುವುದಿಲ್ಲ. ಏಲಕ್ಕಿ ಹೂವಿಗೆ ನೊಣ ಬಾರದಿದ್ದರೆ ಕಾಯಿ ಕಟ್ಟುವುದೇ ಕಷ್ಟ. ಹಾಗಿದ್ದೂ ಹೂ ಬಿಟ್ಟ ಹೊತ್ತಿನಲ್ಲಿ ಔಷಧಿ ಸಿಂಪಡಿಸುವ ನಮ್ಮವರೇ ಇದ್ದಾರೆ. ಕೈಪಿಡಿಯ ದೋಷವನ್ನು ಎಣಿಸುವವರು ಆ ಲೆಕ್ಕಕ್ಕೂ ಉತ್ತರ ಹೇಳಬೇಕು. ಈ ವಿಷಯದಲ್ಲಿ ಕೈಪಿಡಿಯೇ ನಮಗಿಂತ ಮೇಲು: ಹೂಬಿಡುವ ಕಾಲದಲ್ಲಿ ವಿಷ ಹೊಡೆಯಬಾರದೆಂದು ಅದು ಸ್ಪಷ್ಟವಾಗಿ ಹೇಳಿದೆ.

ಹುಡುಗನಿಗೆ ಇಷ್ಟನ್ನೂ ಓದಿ ಹೇಳಿದೆನು. ಕಾಡಿನ ಕುಟುಂಬವನ್ನು ಹಿಡಿದು ತರಬಾರದು, ಬರಿಯ ಪೆಟ್ಟಿಗೆಯನ್ನು ನೆರಳಿನಲ್ಲಿಟ್ಟು ಬಾಗಿಲನ್ನು ತೆರೆದಿಡಬೇಕು; ತಾವಾಗಿ ಬಂದರೆ ಇರಲಿ, ಪಾಲಾಗಿ ಹೋದರೆ ಹೋಗಲಿ, ಜೇನು ತೆಗೆಯುವ ಯಂತ್ರವನ್ನು ಕೊಳ್ಳಬಾರದು ಎಂಬುದು ನನ್ನ ಷರತ್ತು. ಅವನು ಸ್ವಲ್ಪ ನಿರಾಶೆಯಿಂದಲೇ ಒಪ್ಪಿದನು. ಟ್ರಸ್ಟಿನ ಸಭೆಗೂ ಇದನ್ನೇ ತಿಳಿಸುವವನಿದ್ದೇನೆ. ಕೈಪಿಡಿಯನ್ನು ಮರುಮುದ್ರಿಸುವವರಲ್ಲಿ ನನ್ನದೊಂದು ಬಿನ್ನಹ: ಮಳೆಗಾಲದ ಅಧ್ಯಾಯವನ್ನು ಜೇನು ತೆಗೆಯುವ ಅಧ್ಯಾಯಕ್ಕಿಂತ ಮೊದಲು ಅಚ್ಚುಹಾಕಲಿ.