ಕಡೆಯ ಸಾಲಿನಲ್ಲಿ ಕುಳಿತ ಮಾತು

ವಿಮರ್ಶೆ ಎಂದೊಡನೆ ಕಾದಂಬರಿ, ಕವನಸಂಗ್ರಹ, ನಾಟಕ ಇವಷ್ಟೇ ನಮ್ಮ ಕಣ್ಣ ಮುಂದೆ ಬರುತ್ತವೆ. ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಪರಾಮರ್ಶಿಸುವುದೂ ಅವನ್ನೇ. ಆದರೆ ಈ ಸಲ ಬೇರೆ ಜಾತಿಯ ಬರವಣಿಗೆಯೊಂದನ್ನು ಕೈಗೆತ್ತಿಕೊಳ್ಳುವ ಮನಸ್ಸಾಗಿದೆ. ಅದು ಇಂಜಿನಿಯರರ ಬರವಣಿಗೆ. ಕಚೇರಿಯ ಟಿಪ್ಪಣಿ, ವರದಿ, ಸಭೆಯಲ್ಲಿ ಪರದೆಯ ಮೇಲೆ ತೋರಿಸುವ ಹಾಳೆ, ಇವನ್ನು ಯಾರೂ ಸಾಹಿತ್ಯವೆಂದು ಕರೆಯುವುದಿಲ್ಲ. ಬರೆದವರಿಗೂ ತಾವು ಲೇಖಕರೆಂಬ ಭಾವನೆ ಇರುವುದಿಲ್ಲ. ಆದರೂ ಒಂದು ಕೆಟ್ಟ ಕಾದಂಬರಿಯಿಂದ ಓದುಗನ ಎರಡು ಸಂಜೆ ಹಾಳಾದೀತು, ಅಷ್ಟೆ. ಒಂದು ಕೆಟ್ಟ ಟಿಪ್ಪಣಿಯಿಂದ ಜೀವಗಳೇ ಹೋದಾವು.

ಈ ವಿಷಯ ನಮಗೆ ದೂರದ್ದಲ್ಲ. ಊರು ಬಿಟ್ಟು ಬಂದ ಕನ್ನಡ ಮನೆಗಳಲ್ಲಿ ಒಬ್ಬ ಇಂಜಿನಿಯರನಿಲ್ಲದ ಮನೆ ಅಪರೂಪ. ಮಗ ಪಿ.ಯು.ಸಿ.ಗೆ ಬಂದನೆಂದರೆ ಗಣಿತಕ್ಕೊಂದು ಟ್ಯೂಷನ್, ಭೌತಶಾಸ್ತ್ರಕ್ಕೊಂದು ಟ್ಯೂಷನ್. ಭಾಷೆಯ ಮಾತು ಬಂದರೆ ಮಾತ್ರ, “ಅದರಲ್ಲಿ ಪಾಸಾದರೆ ಸಾಕು” ಎಂಬ ಉದಾರ ಮನಸ್ಸು. ಲೆಕ್ಕ ಬಲ್ಲವನಿಗೆ ಮಾತು ತಾನಾಗಿ ಒಲಿಯುತ್ತದೆ, ಒಲಿಯದಿದ್ದರೂ ನಷ್ಟವಿಲ್ಲ ಎಂಬುದು ನಮ್ಮೆಲ್ಲರ ಒಳನಂಬಿಕೆ. ಆ ನಂಬಿಕೆಯನ್ನು ಮೂರು ಕಾಗದಗಳ ಮೇಲಿಟ್ಟು ಒರೆಹಚ್ಚಿ ನೋಡೋಣ. ಮೂರೂ ಅಮೆರಿಕೆಯವು. ಅಲ್ಲಿನ ತನಿಖಾ ಆಯೋಗಗಳು ಅವನ್ನು ಬಯಲಿಗಿಟ್ಟಿದ್ದರಿಂದಲೇ ನಮ್ಮಂಥವರಿಗೆ ಅವು ದೊರಕಿವೆ.

ಮೊದಲನೆಯದು 1978ರದು. ಅದರ ಹಿಂದಿನ ವರ್ಷ, 1977ರ ಸೆಪ್ಟೆಂಬರಿನಲ್ಲಿ, ಒಹಾಯೋ ಪ್ರಾಂತದ ಡೇವಿಸ್-ಬೆಸ್ಸೆ ಅಣುವಿದ್ಯುತ್ ಸ್ಥಾವರದಲ್ಲಿ ಒತ್ತಡ ಇಳಿಸುವ ಕವಾಟವೊಂದು ತೆರೆದದ್ದು ಮುಚ್ಚಲಿಲ್ಲ. ನೀರು ಸೋರಿಹೋಗುತ್ತಿದ್ದರೂ ಮಾಪಕ ನೋಡಿದ ನಿರ್ವಾಹಕರು ನೀರು ಸಾಕಷ್ಟಿದೆ ಎಂದು ಬಗೆದು, ತುರ್ತು ನೀರು ಹಾಯಿಸುವ ಪಂಪುಗಳನ್ನು ಬೇಗನೆ ನಿಲ್ಲಿಸಿಬಿಟ್ಟರು. ಸ್ಥಾವರ ಅಂದು ತೀರ ಕಡಿಮೆ ಶಕ್ತಿಯಲ್ಲಿ ನಡೆಯುತ್ತಿದ್ದುದರಿಂದ ಅನಾಹುತವಾಗಲಿಲ್ಲ. ರಿಯಾಕ್ಟರ್ ತಯಾರಿಸಿದ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪೆನಿಯ ಬರ್ಟ್ ಡನ್ ಎಂಬ ಇಂಜಿನಿಯರ್ ಇದರ ಒಳಗುಟ್ಟನ್ನು ಸರಿಯಾಗಿ ಹಿಡಿದರು. ಪೂರ್ಣ ಶಕ್ತಿಯಲ್ಲಿದ್ದಾಗ ಹೀಗಾದರೆ ಇಂಧನವೇ ನೀರಿನಿಂದ ಹೊರಬಿದ್ದು ಹಾಳಾಗಬಹುದೆಂದು 1978ರ ಫೆಬ್ರವರಿಯಲ್ಲಿ ನೇರವಾಗಿ ಬರೆದರು. ಅಲ್ಲಿಯವರೆಗೆ ಸರಿ.

ಆ ಮಾತು ಇನ್ನೊಂದು ವಿಭಾಗಕ್ಕೆ ಹೋಗಿ, ಆಗಸ್ಟ್ ತಿಂಗಳಲ್ಲಿ ಮೂರನೆಯವರ ಮೇಜಿಗೆ ಬರುವಾಗ ಅದರ ರೂಪವೇ ಬದಲಾಗಿತ್ತು. ಆ ಆಗಸ್ಟ್ ಟಿಪ್ಪಣಿ ಆರಂಭವಾಗುವುದು ಹಿಂದಿನ ಎರಡು ಟಿಪ್ಪಣಿಗಳ ಉಲ್ಲೇಖದಿಂದ. ಅವು ಪಂಪುಗಳ ಬಳಕೆಯ ನೀತಿಯಲ್ಲಿ ಬದಲಾವಣೆ ಸೂಚಿಸುತ್ತವೆ ಎಂಬ ತಣ್ಣನೆಯ ಮಾತು ಮೊದಲಿಗೆ; ಆ ಬದಲಾವಣೆಯ ಬಗ್ಗೆ ತಮ್ಮ ವಿಭಾಗದ ಶಂಕೆಗಳು ನಡುವೆ; ಇಂಧನ ನೀರಿನಿಂದ ಹೊರಬೀಳಬಹುದೆಂಬ ಮಾತು ಕಟ್ಟಕಡೆಗೆ. ಮನೆಗೆ ಬೆಂಕಿ ಬಿದ್ದಿದೆ ಎಂದು ತಿಳಿಸಲು ಹೊರಟವನು ಬಾಡಿಗೆಯ ಕರಾರಿನಿಂದ ಮಾತು ತೆಗೆದಂತೆ ಇದು. ಪಡೆದವರು ದಿನನಿತ್ಯದ ಕಾಗದಗಳಲ್ಲಿ ಇದೂ ಒಂದೆಂದು ಬದಿಗಿಟ್ಟರು. 1979ರ ಮಾರ್ಚ್ 28ರಂದು ಥ್ರೀ ಮೈಲ್ ಐಲೆಂಡಿನಲ್ಲಿ ಅದೇ ರೀತಿಯ ಕವಾಟ ತೆರೆದೇ ಉಳಿಯಿತು. ನಿರ್ವಾಹಕರು ಅದೇ ತಪ್ಪು ಮಾಡಿದರು. ರಿಯಾಕ್ಟರಿನ ಒಡಲಿನ ದೊಡ್ಡ ಭಾಗ ಕರಗಿತು. ತಿಳಿವಳಿಕೆ ಕಂಪೆನಿಯಲ್ಲಿತ್ತು, ಬೇಕಾದ ಸ್ಥಳಕ್ಕೆ ಮಾತ್ರ ತಲುಪಿರಲಿಲ್ಲ.

ಎರಡನೆಯದು ಚಾಲೆಂಜರ್ ಬಾಹ್ಯಾಕಾಶ ನೌಕೆಗೆ ಸೇರಿದ್ದು. ಅದರ ಪಕ್ಕದ ರಾಕೆಟ್ಟುಗಳ ತುಂಡುಗಳು ಕೂಡುವಲ್ಲಿ ಬಿಸಿ ಅನಿಲ ಹೊರನುಗ್ಗದಂತೆ ರಬ್ಬರಿನ ಉಂಗುರಗಳನ್ನು ಕೂಡಿಸಿದ್ದರು. ಆ ಉಂಗುರಗಳು ಸುಟ್ಟು ಸವೆಯುತ್ತಿದ್ದುದನ್ನು ಕಂಡ ಮಾರ್ಟನ್ ಥಿಯೋಕೋಲ್ ಕಂಪೆನಿಯ ರೋಜರ್ ಬೋಯ್‌ಜೋಲಿ 1985ರ ಜುಲೈ 31ರಂದು ತಮ್ಮ ಉಪಾಧ್ಯಕ್ಷರಿಗೊಂದು ಪತ್ರ ಬರೆದರು. ಬರವಣಿಗೆಯ ದೃಷ್ಟಿಯಿಂದ ಅದು ಮೆಚ್ಚತಕ್ಕ ಪತ್ರ. ಸಮಸ್ಯೆಯ ಗಂಭೀರತೆ ಆಡಳಿತಕ್ಕೆ ಪೂರ್ತಿ ತಿಳಿಯಲೆಂದೇ ಬರೆಯುತ್ತಿದ್ದೇನೆ ಎಂದು ಮೊದಲ ವಾಕ್ಯದಲ್ಲೇ ಹೇಳುತ್ತದೆ. ಜೀವಹಾನಿಯಾದೀತೆಂದು ಮುಚ್ಚುಮರೆಯಿಲ್ಲದೆ ನುಡಿಯುತ್ತದೆ. ಪರಿಹಾರಕ್ಕೆ ಒಂದು ತಂಡ ಬೇಕೆಂದು ಸ್ಪಷ್ಟವಾಗಿ ಕೇಳುತ್ತದೆ. ‘ನನ್ನ ಭಯ’ ಎಂದು ಬರೆಯಲು ಆ ಇಂಜಿನಿಯರ್ ನಾಚಿಕೊಳ್ಳಲಿಲ್ಲ. ಒಂದು ಕೊರತೆಯನ್ನೂ ಹೇಳಬೇಕು: ಮುಂದೆ ಎಲ್ಲಕ್ಕೂ ಮೂಲವಾದ ಚಳಿಯ ಪ್ರಸ್ತಾಪ ಅದರಲ್ಲಿಲ್ಲ.

ಆರು ತಿಂಗಳ ಮೇಲೆ, 1986ರ ಜನವರಿ 27ರ ಸಂಜೆ, ಆ ಚಳಿಯೇ ಎದುರಿಗೆ ಬಂದು ನಿಂತಿತು. ಮಾರನೆಯ ಬೆಳಿಗ್ಗೆ ಉಂಗುರಗಳ ಉಷ್ಣತೆ 29 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟುವುದಕ್ಕಿಂತ ಕೆಳಗೆ, ಇರುವುದೆಂದು ಅಂದಾಜು. ಅಲ್ಲಿಯವರೆಗಿನ ಅತಿ ತಣ್ಣನೆಯ ಹಾರಾಟ 53 ಡಿಗ್ರಿಯದು. ಹಾರಿಸಬೇಡಿ ಎಂದು ಇಂಜಿನಿಯರರು ಅವಸರದಲ್ಲಿ ಹದಿಮೂರು ಹಾಳೆ ಸಿದ್ಧಪಡಿಸಿ ಕಳಿಸಿ, ದೂರವಾಣಿಯಲ್ಲಿ ವಾದಿಸಿದರು. ಹಾನಿಯಾದ ಹಾರಾಟಗಳನ್ನಷ್ಟೇ ನೋಡಿದರೆ 53 ಡಿಗ್ರಿಯಲ್ಲೂ ಹಾನಿ, 75 ಡಿಗ್ರಿಯಲ್ಲೂ ಹಾನಿ. ಚಳಿಗೂ ಹಾನಿಗೂ ನಂಟಿದೆಯೆಂದು ಹೇಳುವುದು ಹೇಗೆ? ಹಾನಿಯಿಲ್ಲದವನ್ನೂ ಸೇರಿಸಿ ನೋಡಿದಾಗ ಚಿತ್ರವೇ ಬೇರೆ ಎಂದು ರೋಜರ್ಸ್ ಆಯೋಗ ಆಮೇಲೆ ತೋರಿಸಿತು. 66 ಡಿಗ್ರಿ ಅಥವಾ ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ ಕೇವಲ 3ರಲ್ಲಿ ಹಾನಿ; 63 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿದ್ದ 4ರಲ್ಲಿ ನಾಲ್ಕಕ್ಕೂ ಹಾನಿ. ಈ ಒಂದು ವಾಕ್ಯ ಆ ಸಂಜೆ ಯಾವ ಹಾಳೆಯ ಮೇಲೂ ಇರಲಿಲ್ಲ. ಮಾರನೆಯ ದಿನ, ನೆಲ ಬಿಟ್ಟ 73ನೆಯ ಸೆಕೆಂಡಿಗೆ, ನೌಕೆ ಏಳು ಮಂದಿಯೊಡನೆ ಛಿದ್ರವಾಯಿತು.

ಮೂರನೆಯ ಕಾಗದ ನಮಗೆ ಇನ್ನೂ ಹತ್ತಿರದ ದುಃಖದ್ದು. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯಲ್ಲಿ ಮಡಿದ ಏಳು ಮಂದಿಯಲ್ಲಿ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಒಬ್ಬರು. ಮೇಲೇರಿದ ಸುಮಾರು 82ನೆಯ ಸೆಕೆಂಡಿನಲ್ಲಿ ಹೊರ ಟ್ಯಾಂಕಿನ ನೊರೆಹೊದಿಕೆಯ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಆಕಾಶದಲ್ಲಿದ್ದಾಗಲೇ ಇಂಜಿನಿಯರರು ಪರಿಶೀಲಿಸಿ ಪವರ್‌ಪಾಯಿಂಟ್ ಹಾಳೆಗಳಲ್ಲಿ ವರದಿ ಒಪ್ಪಿಸಿದರು. ಅವುಗಳಲ್ಲೊಂದನ್ನು ತನಿಖಾ ಮಂಡಲಿ ತನ್ನ ವರದಿಯಲ್ಲಿ ಅಚ್ಚು ಮಾಡಿಸಿದೆ. ಎಡ್ವರ್ಡ್ ಟಫ್ಟಿಯವರ ವಿಶ್ಲೇಷಣೆಯೂ ಜೊತೆಗಿದೆ. ಆ ಹಾಳೆಯ ಶಿರೋನಾಮೆ ಓದಿದವರಿಗೆ ಸಮಾಧಾನವಾಗುವಂತಿದೆ: ಪರೀಕ್ಷೆಯ ಅಂಕಿಗಳು ಸುರಕ್ಷಿತ ಕಡೆಗೇ ವಾಲಿವೆ ಎಂಬ ಧಾಟಿ. ಕೆಳಗೆ ಚುಕ್ಕೆ, ಅದರ ಕೆಳಗೆ ಗೆರೆ, ಅದರ ಕೆಳಗೆ ಇನ್ನೂ ಚಿಕ್ಕ ಚುಕ್ಕೆ, ಹೀಗೆ ಮೆಟ್ಟಿಲಿಳಿಯುತ್ತ ಹೋದರೆ ತೀರ ತಳದಲ್ಲಿ ನಿಜಸಂಗತಿ ಕುಳಿತಿದೆ. ಪರೀಕ್ಷೆ ಮಾಡಿದ್ದು 3 ಘನ ಅಂಗುಲದ ತುಂಡಿನಿಂದ. ಬಡಿದದ್ದು 1920 ಘನ ಅಂಗುಲದ್ದೆಂದು ಅಂದಾಜು. 640 ಪಟ್ಟು ದೊಡ್ಡದು! ಅಂದರೆ ಆ ಪರೀಕ್ಷೆಯಿಂದ ಈ ಪೆಟ್ಟಿನ ಬಗ್ಗೆ ಭರವಸೆಯಿಂದ ಏನೂ ಹೇಳಲಾಗದು. ಶಿರೋನಾಮೆಯಾಗಬೇಕಾಗಿದ್ದ ಮಾತು ಅಡಿಟಿಪ್ಪಣಿಯಾಯಿತು. ‘ಗಣನೀಯ’ ಎಂಬರ್ಥದ ಒಂದೇ ಪದ ಆ ಒಂದು ಹಾಳೆಯಲ್ಲಿ ಐದು ಬಾರಿ, ಬೇರೆ ಬೇರೆ ಅರ್ಥಗಳಲ್ಲಿ ಬಂದಿದೆ. ಅಳತೆ ಒಂದು ಕಡೆಯೂ ಇಲ್ಲ. ತಾಂತ್ರಿಕ ವರದಿಯ ಸ್ಥಾನದಲ್ಲಿ ಇಂಥ ಹಾಳೆಗಳು ಬಂದು ಕುಳಿತಿರುವುದನ್ನು ಮಂಡಲಿ ಸ್ಪಷ್ಟವಾಗಿಯೇ ಟೀಕಿಸಿದೆ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡಬೇಕು. ತಪ್ಪೆಲ್ಲ ಬರೆದವರದೇ ಏನು? ಟಫ್ಟಿ 1997ರ ತಮ್ಮ ಪುಸ್ತಕದಲ್ಲಿ ಚಾಲೆಂಜರ್ ಹಾಳೆಗಳನ್ನು ಕಟುವಾಗಿ ವಿಮರ್ಶಿಸಿ, ಅಂಕಿಗಳನ್ನು ಸರಿಯಾಗಿ ತೋರಿಸಿದ್ದರೆ ಹಾರಾಟ ನಿಲ್ಲುತ್ತಿತ್ತೆಂದು ಸೂಚಿಸಿದರು. ಇದಕ್ಕೆ 2002ರಲ್ಲಿ ಬೋಯ್‌ಜೋಲಿಯೂ ಸೇರಿದಂತೆ ಕೆಲವರು ಪ್ರತ್ಯುತ್ತರ ಬರೆದರು. ಇಂಜಿನಿಯರರ ವಾದವನ್ನೇ ಟಫ್ಟಿ ತಪ್ಪಾಗಿ ಗ್ರಹಿಸಿದ್ದಾರೆ, ಅವರು ಬಯಸುವ ಚಿತ್ರಕ್ಕೆ ಬೇಕಾದ ಅಂಕಿಗಳೆಲ್ಲ ಆ ರಾತ್ರಿ ಇಂಜಿನಿಯರರ ಕೈಯಲ್ಲಿರಲಿಲ್ಲ ಎಂಬುದು ಅದರ ಸಾರ. ನಮ್ಮ ಅಭಿಪ್ರಾಯದಲ್ಲಿ ಈ ಪ್ರತ್ಯುತ್ತರಕ್ಕೆ ತೂಕವಿದೆ. ಹಾರಿಸಬೇಡಿ ಎಂಬ ಸಲಹೆಯಲ್ಲಿ ಯಾವ ಅಸ್ಪಷ್ಟತೆಯೂ ಇರಲಿಲ್ಲ. ಅದನ್ನು ಕೇಳಿಸಿಕೊಂಡ ಮೇಲೆಯೇ ಕಂಪೆನಿಯ ಹಿರಿಯ ಅಧಿಕಾರಿಯೊಬ್ಬರು ಸಹೋದ್ಯೋಗಿಗೆ ಇಂಜಿನಿಯರನ ಟೋಪಿ ತೆಗೆದಿಟ್ಟು ಆಡಳಿತಗಾರನ ಟೋಪಿ ಹಾಕಿಕೊಳ್ಳುವಂತೆ ಹೇಳಿದ್ದು. ಕಿವಿ ಮುಚ್ಚಿಕೊಂಡವನ ಮುಂದೆ ಕಿನ್ನರಿ ನುಡಿಸಿದರೂ ಅಷ್ಟೇ. ಆದ್ದರಿಂದ ಒಳ್ಳೆಯ ಬರವಣಿಗೆ ಎಲ್ಲವನ್ನೂ ಗೆಲ್ಲುತ್ತದೆಂದು ನಾವು ಹೇಳುವುದಿಲ್ಲ. ಬೋಯ್‌ಜೋಲಿಯವರ ಪತ್ರವೇ ಗೆಲ್ಲಲಿಲ್ಲ.

ಆದರೆ ವ್ಯತ್ಯಾಸವೊಂದಿದೆ. ಸ್ಪಷ್ಟವಾಗಿ ಬರೆದ ಪತ್ರವನ್ನು ತಳ್ಳಿಹಾಕಿದವನು ಮುಂದೆ ಆಯೋಗದ ಎದುರು ಉತ್ತರ ಹೇಳಬೇಕಾಗುತ್ತದೆ. ಮಸುಕಾಗಿ ಬರೆದದ್ದನ್ನು ಬದಿಗಿಟ್ಟವನು, “ನನಗೆ ಅದರ ಗಂಭೀರತೆ ತಿಳಿಯಲಿಲ್ಲ” ಎಂದುಬಿಡಬಹುದು. ಆ ಮಾತು ನಿಜವೂ ಇರಬಹುದು. ಬರೆಯುವವನಿಗೆ ಓದುವವನ ಮನಸ್ಸಿನ ಮೇಲೆ ಅಧಿಕಾರವಿಲ್ಲ. ಅವನ ನೆಪಗಳ ಮೇಲೆ ಉಂಟು. ಇನ್ನೊಂದು ಬಗೆಯ ಮೌನವೂ ಇದೆ. ಕೊಲಂಬಿಯಾ ಸಂದರ್ಭದಲ್ಲಿ ರಾಡ್ನಿ ರೋಚಾ ಎಂಬ ಇಂಜಿನಿಯರ್ ಬಲವಾದ ಮಾತುಗಳಲ್ಲಿ ಒಂದು ಇ-ಮೇಲ್ ಬರೆದು, ಅಚ್ಚು ತೆಗೆದು ಸಹೋದ್ಯೋಗಿಗೆ ತೋರಿಸಿದರು; ಮೇಲಿನವರಿಗೆ ಮಾತ್ರ ಕಳಿಸಲಿಲ್ಲ. ಚೆನ್ನಾಗಿ ಬರೆಯುವ ಧೈರ್ಯದ ಜೊತೆಗೆ ಕಳಿಸುವ ಧೈರ್ಯವೂ ಬೇಕು.

ಪರದೇಶದ ಕಥೆ ಸಾಕು, ನಮ್ಮ ಮನೆಯ ಮಾತಿಗೆ ಬರೋಣ. ನಮ್ಮ ಇಂಜಿನಿಯರರು ಕಚೇರಿಯಲ್ಲಿ ಬರೆಯುವುದು ಇಂಗ್ಲಿಷಿನಲ್ಲಿ. ಆ ಇಂಗ್ಲಿಷಿನ ಒಂದು ಜಾಡ್ಯ ಈಗ ಕನ್ನಡಕ್ಕೂ ಅಂಟಿದೆ. ಅದು ‘ಲಾಗಿದೆ’ ರೋಗ. ‘ಪರಿಶೀಲಿಸಲಾಗಿದೆ’, ‘ಗಮನಿಸಲಾಯಿತು’, ‘ಕ್ರಮ ಕೈಗೊಳ್ಳಲಾಗುವುದು’. ಯಾರು ಪರಿಶೀಲಿಸಿದರು? ಯಾರು ಕೈಗೊಳ್ಳುತ್ತಾರೆ? ಎಂದಿಗೆ? ವಾಕ್ಯದಿಂದ ಮನುಷ್ಯ ಮಾಯವಾಗಿದ್ದಾನೆ. ನಮ್ಮ ಕಟ್ಟಡದ ನೀರಿನ ಟ್ಯಾಂಕು ತೊಳೆಯುವ ನೋಟೀಸಿನಲ್ಲೂ, ಸಂಘದ ವಾರ್ಷಿಕ ವರದಿಯಲ್ಲೂ ಈ ರೋಗವನ್ನು ಕಾಣಬಹುದು; ಈ ಪತ್ರಿಕೆಯೂ ಅದಕ್ಕೆ ಹೊರತಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಮಾತಾಡುವ ಕನ್ನಡಕ್ಕೆ ಈ ಕಾಯಿಲೆ ಇಲ್ಲ. “ಹಾಲು ಉಕ್ಕಿಸಲಾಯಿತು” ಎಂದು ಯಾವ ತಾಯಿಯೂ ಹೇಳುವುದಿಲ್ಲ. ಯಾರು ಉಕ್ಕಿಸಿದರೆಂದು ಹೆಸರು ಹಿಡಿದೇ ಹೇಳುತ್ತಾಳೆ. ಮತ್ತೊಂದು ಮಾತು: ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ವಾಕ್ಯ ಹನುಮಂತನ ಬಾಲವಾದರೆ ಹೌದೋ ಅಲ್ಲವೋ ತಿಳಿಯಲು ಓದುಗ ಬಾಲದ ತುದಿಯವರೆಗೆ ನಡೆಯಬೇಕು. ತುರ್ತಿನ ವಿಷಯಕ್ಕೆ ಗಿಡ್ಡ ವಾಕ್ಯವೇ ಲೇಸು.

ಹಾಗಾದರೆ ಮೇಲ್ಪಂಕ್ತಿ ಯಾವುದು? ದೂರ ಹೋಗಬೇಕಾಗಿಲ್ಲ. ಪುಣೆಯಲ್ಲಿ ಓದಿ, ಮುಂಬಯಿ ಪ್ರಾಂತದ ನೌಕರಿಯಲ್ಲಿ ಬೆಳೆದ ವಿಶ್ವೇಶ್ವರಯ್ಯನವರೂ ನಮ್ಮ ಹಾಗೆ ಹೊರನಾಡ ಕನ್ನಡಿಗರೇ ಆಗಿದ್ದರು. 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಕೊಚ್ಚಿದ ಮೇಲೆ ನಿಜಾಮ ಸರಕಾರ ಅವರನ್ನು ಕರೆಸಿತು. 1909ರಲ್ಲಿ ಅವರು ಒಪ್ಪಿಸಿದ ವರದಿಯ ತಿರುಳು ಒಂದೇ ಮಾತಿನದು: ನಗರದ ಮೇಲ್ಗಡೆ ನೆರೆನೀರನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನು ಕಟ್ಟಿ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಮಾತಿನಿಂದ ಎದ್ದು ನಿಂತವು. ಓದಿದವನು ಏನು ಮಾಡಬೇಕೆಂದು ತಿಳಿದು ಏಳುವಂತಿದ್ದರೆ ಅದು ವರದಿ.

ಹಳಬರಿಗೆ ಇನ್ನೊಂದು ಗುರುವೂ ನೆನಪಿರಬೇಕು, ತಂತಿ. 2013ರಲ್ಲಿ ಆ ಸೇವೆ ನಿಂತುಹೋಯಿತು. ಊರಿನಿಂದ ತಂತಿ ಬಂದರೆ ಮನೆಯವರ ಎದೆ ನಡುಗುತ್ತಿತ್ತು. ಪದಕ್ಕಿಷ್ಟೆಂದು ದುಡ್ಡು ಕೊಡಬೇಕಾಗಿದ್ದುದರಿಂದ, ಅಕ್ಷರ ಬಾರದ ಹಳ್ಳಿಯ ಚಿಕ್ಕಪ್ಪನೂ ಅಂಚೆಮಾಸ್ತರರ ಕೈಯಲ್ಲಿ ಎರಡೇ ಸಂಗತಿ ಬರೆಸುತ್ತಿದ್ದ: ಏನಾಗಿದೆ, ಏನು ಮಾಡಬೇಕು. ಅಪ್ಪನಿಗೆ ಜಾಸ್ತಿಯಾಗಿದೆ, ಕೂಡಲೆ ಹೊರಡು. ಹೇಗಾಯಿತು, ಯಾವ ವೈದ್ಯರು ನೋಡಿದರು ಎಂಬ ವಿವರವೆಲ್ಲ ಹಿಂದಿನಿಂದ ಕಾಗದದಲ್ಲಿ ಬರುತ್ತಿತ್ತು. ಮೊದಲು ತಂತಿ, ಆಮೇಲೆ ಕಾಗದ. ಮೇಲೆ ಹೇಳಿದ 1978ರ ಆಗಸ್ಟ್ ಟಿಪ್ಪಣಿಯಲ್ಲೂ 2003ರ ಹಾಳೆಯಲ್ಲೂ ಕಾಗದವಿತ್ತು, ತಂತಿ ಇರಲಿಲ್ಲ.

ಮಾತೇ ಮುತ್ತು, ಮಾತೇ ಮೃತ್ಯು ಎಂದು ಹಿರಿಯರು ಹೇಳಿದ್ದು ಜಗಳಗಂಟರನ್ನು ಕುರಿತು ಮಾತ್ರವಲ್ಲ. ನಮ್ಮ ಮಕ್ಕಳು ಸೇತುವೆ ಕಟ್ಟುವವರು, ಬಾಯ್ಲರು ನಡೆಸುವವರು, ಗಣಕಯಂತ್ರಕ್ಕೆ ಆಜ್ಞೆ ಬರೆಯುವವರು. ಅವರು ಕಂಡ ಬಿರುಕನ್ನು ಮೇಲಿನವನಿಗೆ ಕಾಣಿಸುವುದೂ ಅವರ ಕೆಲಸವೇ. ಆದ್ದರಿಂದ ಮುಂದಿನ ಸಲ ಮಗಳು ಭಾಷೆಯಲ್ಲಿ ಪಾಸಾದರೆ ಸಾಕು ಎನ್ನುವ ಮೊದಲು ಒಂದು ಗಳಿಗೆ ಯೋಚಿಸೋಣ. ವಾರಕ್ಕೊಮ್ಮೆ ಊರಿನ ಅಜ್ಜಿಗೆ ಅವಳು ಒಂದು ಕಾಗದ ಬರೆಯಲಿ. ತಾನು ಕಲಿಯುತ್ತಿರುವ ಯಂತ್ರ ಏನು ಮಾಡುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಅಜ್ಜಿಗೆ ತಿಳಿಯುವಂತೆ ಬರೆಯಲಿ. ಅಜ್ಜಿಗೆ ತಿಳಿದದ್ದು ಮ್ಯಾನೇಜರಿಗೂ ತಿಳಿದೀತು.