ಶರೀಫರ ಪದಕ್ಕೆ ಗಿಟಾರು ಅಪಚಾರವಲ್ಲ

ತತ್ವಪದಕಾರ ಶಿಶುನಾಳ ಶರೀಫರ ಪದಗಳಿಗೆ ಗಾಯಕ ಸಿ. ಅಶ್ವತ್ಥ್ ಕೊಟ್ಟದ್ದೇ ಕೊನೆಯ ರೂಪ, ಆಮೇಲೆ ಬಂದ ಬ್ಯಾಂಡಿನವರು ಅವನ್ನು ಗದ್ದಲ ಮಾಡಿ ಕೆಡಿಸಿದರು. ಈ ಮಾತು ನಮ್ಮ ಕಡೆಯ ಸುಗಮ ಸಂಗೀತದ ಕೂಟಗಳಲ್ಲಿ ಎದುರು ವಾದವೇ ಇಲ್ಲದ ತೀರ್ಪಾಗಿಬಿಟ್ಟಿದೆ. ಹೇಳುವವರಲ್ಲಿ ಅರ್ಧ ಜನ ಬ್ಯಾಂಡಿನ ಒಂದು ಹಾಡನ್ನೂ ಪೂರ್ತಿ ಕೇಳಿದವರಲ್ಲ. ಈ ಮಾತು ಮತ್ತೆ ಮತ್ತೆ ಕಿವಿಗೆ ಬಿದ್ದು ರೋಸಿಹೋಗಿದ್ದೇನೆ.

ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ. ಗಾಯಕ ರಘು ದೀಕ್ಷಿತರ ಬ್ಯಾಂಡು ‘ರಘು ದೀಕ್ಷಿತ್ ಪ್ರಾಜೆಕ್ಟ್’ 2008ರಲ್ಲಿ ತಂದ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಇವೆ. ಅದರೊಳಗಿನ ಎರಡು ಶರೀಫ ಪದಗಳು ಸಿನಿಮಾದ ಹಂಗಿಲ್ಲದೆ ಕನ್ನಡದಲ್ಲಿ ಈಚಿನ ದಶಕಗಳಲ್ಲಿ ಕೇಳಿಬಂದ ಅತ್ಯಂತ ನಿಜವಾದ ಹಾಡುಗಾರಿಕೆ. ‘ಗುಡುಗುಡಿಯ’ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ನಾನು ಹೇಳಬೇಕಾದದ್ದು ‘ಸೋರುತಿಹುದು ಮನೆಯ ಮಾಳಿಗಿ’ ಬಗ್ಗೆ.

ಮಾಳಿಗೆ ಸೋರುವುದೆಂದರೇನೆಂದು ಪಾವಗಡ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ತೊಲೆ, ಜಂತೆಯ ಮೇಲೆ ಸೊಪ್ಪುಸದೆ ಹಾಸಿ ಮಣ್ಣು ಬಡಿದು ಕೂರಿಸಿದ ಮನೆಗಳು ನಮ್ಮವು. ಮುಂಗಾರಿಗೆ ಮೊದಲು ಚೌಳು ಮಣ್ಣು ಹೊತ್ತು ತಂದು ಮೇಲೆ ಹರಡದಿದ್ದರೆ ಮೊದಲ ಜೋರು ಮಳೆಗೇ ಅಡುಗೆಮನೆಯ ಪಾತ್ರೆಗಳೆಲ್ಲ ನಡುಮನೆಗೆ ಬರುತ್ತವೆ. ಸರಿರಾತ್ರಿಯಲ್ಲಿ ರಾಗಿ ಚೀಲವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆಯುವ ಹೆಂಗಸಿಗೆ ದೇಹವೇ ಮನೆ ಎಂಬ ಈ ಪದದ ತತ್ವ ಆ ಹೊತ್ತಿನಲ್ಲಿ ನೆನಪಾಗುವುದಿಲ್ಲ. ಅವಳಿಗೆ ಮೊದಲು ಹೆದರಿಕೆ, ಆಮೇಲೆ ಸಿಟ್ಟು. ತತ್ವ ಏನಿದ್ದರೂ ಮಳೆ ನಿಂತ ಮೇಲೆ.

ಅಶ್ವತ್ಥರ ಕಂಠಕ್ಕೆ ಸಾಟಿಯಿಲ್ಲ, ಒಪ್ಪಿದೆ. ಆದರೆ ಅವರು ಸಂಗೀತ ಕೊಟ್ಟ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಹೆಸರಿನಲ್ಲಿಯೇ ಇರುವಂತೆ, ಅವರ ಶರೀಫ ಹಾಡು ಶುರುವಾಗುವ ಮೊದಲೇ ಸಂತ. ಅವನಿಗೆ ಉತ್ತರ ಸಿಕ್ಕಿಯಾಗಿದೆ, ನಮಗೆ ಹೇಳಲು ಬಂದಿದ್ದಾನೆ. ರಘು ಹಾಡುವ ಶರೀಫ ಇನ್ನೂ ಸೋರುವ ಮನೆಯೊಳಗೇ ಇದ್ದಾನೆ. ಆ ದನಿ ಎದೆಯಿಂದ ಒತ್ತಿಕೊಂಡು ಬರುತ್ತದೆ, ಅಲಂಕಾರಕ್ಕೆ ಕಾಯುವುದಿಲ್ಲ. ಪದದೊಳಗಿನ ಹೆದರಿಕೆಯನ್ನು ಹೆದರಿಕೆಯಾಗಿಯೇ ಉಳಿಸಿದ್ದು ಅವರ ದೊಡ್ಡ ಸಾಧನೆ. ಅವರದೇ 2013ರ ‘ಜಗ್ ಚಂಗಾ’ದಲ್ಲಿ ಶರೀಫರ ‘ಲೋಕದ ಕಾಳಜಿ’ ಬಿಟ್ಟರೆ ಮಿಕ್ಕ ಹಾಡುಗಳು ನನ್ನನ್ನು ಅಷ್ಟಾಗಿ ತಟ್ಟಲಿಲ್ಲ. ಆದರೂ ಆ ಒಂದಕ್ಕಾಗಿಯೇ ಆ ಆಲ್ಬಂ ಬೇಕು.

ಗಿಟಾರು, ಡ್ರಮ್ಸು ನಮ್ಮ ಪರಂಪರೆಯಲ್ಲ ಎನ್ನುವವರು ಗಾಯಕ ಪಿ. ಕಾಳಿಂಗರಾಯರನ್ನು ಮರೆತಿದ್ದಾರೆ. ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ನಮ್ಮದೇ ತುಮಕೂರು ಜಿಲ್ಲೆಯ ಕುಣಿಗಲ್ ಕೆರೆಯ ಜನಪದ ಹಾಡನ್ನು ನಾಡಿಗೆಲ್ಲ ಮುಟ್ಟಿಸಿದವರು ಪಾಶ್ಚಾತ್ಯ ವಾದ್ಯಗಳಿಗೆ ಹಿಂಜರಿಯಲಿಲ್ಲ. ಸುಗಮ ಸಂಗೀತ ಹುಟ್ಟಿದ್ದೇ ಬೆರಕೆಯಿಂದ. ಹಾರ್ಮೋನಿಯಂ ಕೂಡ ಹಡಗಿನಲ್ಲಿ ಬಂದದ್ದು. ಅದಕ್ಕೆ ಸಿಕ್ಕ ಮನ್ನಣೆ ಗಿಟಾರಿಗೆ ಏಕೆ ಸಿಗಬಾರದು?

ನಿಜವಾದ ಜಗಳ ವಾದ್ಯದ್ದಲ್ಲ, ಸಭ್ಯತೆಯದ್ದು. ಭಾವ ಅಂದರೆ ಇಸ್ತ್ರಿ ಮಾಡಿದ ಜುಬ್ಬಾ, ರೇಷ್ಮೆ ಸೀರೆ, ಕಣ್ಣು ಮುಚ್ಚಿ ತಲೆದೂಗುವುದು ಎಂದು ಒಂದು ವರ್ಗ ನಿಶ್ಚಯ ಮಾಡಿಕೊಂಡಿದೆ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಬೆವರು ಸುರಿಸಿ ಕುಣಿಯುವವನ ದುಃಖ ಅವರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ನಡೆದುಕೊಳ್ಳುವ ಕಾಡುಗೊಲ್ಲರನ್ನು ಏನೆನ್ನುತ್ತೀರಿ? ಗಣೆ ಎಂಬ ಆ ಉದ್ದನೆಯ ಬಿದಿರು ಕೊಳಲಿಗೆ ಉಸಿರು ತುಂಬಿ, ತಮ್ಮ ದೈವ ಜುಂಜಪ್ಪನ ಕಥೆಯನ್ನು ಅವರು ಹಾಡುವಾಗ ದನಿ ಒಡೆಯುತ್ತದೆ, ಉಸಿರಿನ ಸದ್ದು ಸ್ವರದ ಜೊತೆಗೇ ಕೇಳುತ್ತದೆ. ಅದನ್ನು ಯಾವ ಭಾವಗೀತೆ ಶಿಬಿರದಲ್ಲೂ ಕಲಿಸುವುದಿಲ್ಲ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದಲ್ಲಿ ಭಜನೆಯವರು ಕೈವಾರ ತಾತಯ್ಯನ ತೆಲುಗು ತತ್ವಗಳನ್ನೂ ಕನ್ನಡದ ಪದಗಳನ್ನೂ ಒಂದೇ ರಾತ್ರಿ, ಒಂದೇ ದಮ್ಮಡಿಗೆ ಹಾಡುತ್ತಾರೆ. ಶುದ್ಧಿಯ ಪ್ರಶ್ನೆ ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ರಘು ದೀಕ್ಷಿತರ ದನಿ ಈ ಭಜನೆಗೆ, ಈ ಗಣೆಗೆ ಹತ್ತಿರ. ಸುಗಮ ಸಂಗೀತದವರು ಬಿಟ್ಟುಬಂದ ಕಡೆಯೇ ಅದು ಹೋಗಿ ನಿಂತಿದೆ.

ಇಂದು ಮಧುಗಿರಿ ಬಸ್ ನಿಲ್ದಾಣದಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡ ಹುಡುಗನಿಗೆ ಶರೀಫರು ಮುಟ್ಟುವುದಿದ್ದರೆ ಹೀಗೆಯೇ ಮುಟ್ಟುತ್ತಾರೆ. ಅವನ ಅಭಿರುಚಿಯನ್ನು ತಿದ್ದಲು ಹೊರಡುವ ಮುನ್ನ ಅವನು ಕೇಳುತ್ತಿರುವುದನ್ನು ನಾವೂ ಒಮ್ಮೆ ಪೂರ್ತಿ ಕೇಳಬೇಡವೇ?

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ಸಮ್ಮೇಳನ, ರಾಜ್ಯೋತ್ಸವ ಏರ್ಪಡಿಸುವವರಲ್ಲಿ ನನ್ನದೊಂದು ಕೋರಿಕೆ. ಗಣೆ ಊದುವವರನ್ನೂ ಕೊರಟಗೆರೆಯ ಕಾಲೇಜು ಹುಡುಗರ ಗಿಟಾರನ್ನೂ ಭಾಷಣಗಳೆಲ್ಲ ಮುಗಿದ ಮೇಲೆ, ಕುರ್ಚಿ ಎತ್ತುವ ಹೊತ್ತಿಗೆ ಕರೆಯಬೇಡಿ. ಸಂಜೆ ಏಳಕ್ಕೆ, ಜನ ತುಂಬಿರುವಾಗಲೇ, ಒಂದೇ ವೇದಿಕೆಗೆ ಕರೆಯಿರಿ.